ಕುಚ್ಚು ಕಟ್ಟುವವಳ ಕತ್ತು

ಆಷಾಢ ಬಂತು ಅಂದ್ರೆ ನನ್ನ ಕತ್ತು ನೋವು ಮಾಯ. ಶ್ರಾವಣ ಬಂದರೆ ವಾಪಸ್. ಗ್ರಹಚಾರ ಏನಲ್ಲ. ಆಷಾಢದಲ್ಲಿ ಮದುವೆ ಇಲ್ಲ, ಹಾಗಾಗಿ ಕುಚ್ಚು ಕಟ್ಟೋಕೆ ಸೀರೆಗಳೂ ಬರೋದಿಲ್ಲ, ಅಷ್ಟೇ.

ಈ ಕೆಲಸಕ್ಕೆ ಕೂತವರಿಗೆ ಗೊತ್ತು. ಸೆರಗಿನ ಅಂಚನ್ನು ಮೇಜಿನ ತುದಿಗೆ ಎಳೆದು, ಮೇಲೊಂದು ಭಾರ ಇಟ್ಟು, ಗದ್ದ ಎದೆಗೆ ತಾಗುವಷ್ಟು ಬಗ್ಗಿದರೆ ಮುಗೀತು. ಎಳೆ ತಪ್ಪಿದರೆ ಬಿಚ್ಚಿ ಮತ್ತೆ ಕಟ್ಟಬೇಕಲ್ಲ, ಆ ಭಯಕ್ಕೆ ತಲೆ ಎತ್ತುವುದೇ ಇಲ್ಲ. ಎರಡು ವರ್ಷದ ಹಿಂದೆ ಗೌರಿ ಹಬ್ಬಕ್ಕೆ ನಾಲ್ಕು ದಿನ ಇರುವಾಗ ಬೆಳಿಗ್ಗೆ ಎದ್ದರೆ ಕತ್ತು ಬಲಕ್ಕೆ ತಿರುಗಲೇ ಇಲ್ಲ. ಯಾರಾದರೂ ಕರೆದರೆ ಪೊಲೀಸ್ ಪೆರೇಡ್ ಥರ ಇಡೀ ಮೈ ತಿರುಗಿಸಿ ನೋಡುತ್ತಿದ್ದೆ.

ಸಲಹೆಗೇನು ಬರ! ಅತ್ತೆ ದಿಂಬನ್ನು ಬಿಸಿಲಿಗೆ ಹಾಕಿ ತಂದುಕೊಟ್ಟರು. ಪಕ್ಕದ ಮನೆಯವರು ಕತ್ತಿಗೆ ಹಾಕೋ ತಮ್ಮ ಹಳೇ ಬೆಲ್ಟ್ ಕೊಡಲು ಬಂದರು. ನಮ್ಮನೆಯವರು ಮಾತ್ರ, "ನಮ್ಮ ಕಟಿಂಗ್ ಶಾಪಲ್ಲಿ ಲಟಕ್ ಅಂತ ಒಂದ್ಸಲ ತಿರುಗಿಸ್ತಾನೆ ನೋಡು, ಹೂವಿನ ಥರ ಆಗುತ್ತೆ" ಅಂದರು.

ನಾನು ಫಿಸಿಯೋ ಹತ್ತಿರ ಹೋದೆ. ಚಿಕ್ಕ ಹುಡುಗಿ. ಬಿಸಿ ಶಾಖ ಕೊಟ್ಟು, ಮೂರು ವ್ಯಾಯಾಮ ಹೇಳಿಕೊಟ್ಟು ಕಳಿಸಿದಳು. ಮೊದಲನೆಯದು ಗದ್ದ ಒಳಗೆ ಎಳೆಯುವುದು. ಗೋಡೆಗೆ ಬೆನ್ನು ಕೊಟ್ಟು ನಿಂತು, ತಲೆ ಮೇಲೆ ಕೆಳಗೆ ಮಾಡದೆ, ಗದ್ದವನ್ನು ನೇರ ಹಿಂದಕ್ಕೆ ಸರಿಸಬೇಕು. ಗಂಟಲ ಹತ್ತಿರ ಎರಡು ಗದ್ದ ಕಾಣಿಸುತ್ತೆ, ನಾಚಿಕೆ ಬೇಡ. ಐದು ಎಣಿಸಿ ಬಿಡಿ, ಹತ್ತು ಸಲ. ಎರಡನೆಯದು, ಕುರ್ಚಿಯ ಅಂಚನ್ನು ಒಂದು ಕೈಯಲ್ಲಿ ಹಿಡಿದು ತಲೆಯನ್ನು ಇನ್ನೊಂದು ಹೆಗಲ ಕಡೆ ವಾಲಿಸುವುದು. ಹಿಡಿದ ಕೈಯ ಕಡೆ ಕಿವಿಯಿಂದ ಹೆಗಲಿನವರೆಗೆ ಸಣ್ಣಗೆ ಎಳೆದ ಹಾಗಾಗುತ್ತೆ, ಅಲ್ಲೇ 20 ಸೆಕೆಂಡು ನಿಲ್ಲಿಸಬೇಕು. ಮೂರನೆಯದು ಬೆನ್ನಿನ ರೆಕ್ಕೆ ಮೂಳೆಗಳನ್ನು ಹಿಂದೆ ಹತ್ತಿರ ತರುವುದು.

ಇಷ್ಟೇನಾ ಅನ್ನಿಸಿತು. ಐನೂರು ರೂಪಾಯಿ ಕೊಟ್ಟು ಗದ್ದ ಎಳೆದುಕೊಂಡು ಬಂದೆನಲ್ಲ ಅಂತ ಹೊಟ್ಟೆ ಉರಿಯಿತು ಕೂಡ. ಮನೆಗೆ ಬಂದು ಜಾಣತನ ಮಾಡಿದೆ. ಶಾಲೆಯ ಡ್ರಿಲ್ ಪಿರಿಯಡ್‌ನಲ್ಲಿ ಕಲಿತ ಹಾಗೆ ಕತ್ತನ್ನು ಗಿರಗಿರ ಸುತ್ತು ತಿರುಗಿಸಿದೆ. ತಲೆ ಸುತ್ತಿ ಮಂಚ ಹಿಡಿದುಕೊಂಡೆ. ಮಾರನೇ ದಿನ ನೋವು ಎಡಕ್ಕೂ ಬಂತು.

ನನ್ನ ತಕರಾರು ಇರುವುದೇ ಇಲ್ಲಿ. ಮೈ ಕೈ ನೋಯದೆ ಇದ್ದರೆ ಅದು ವ್ಯಾಯಾಮವೇ ಅಲ್ಲ, ಲಟಕ್ ಅನ್ನದೆ ಇದ್ದರೆ ಅದು ಔಷಧಿಯೇ ಅಲ್ಲ ಅಂತ ನಾವು ನಂಬಿಬಿಟ್ಟಿದ್ದೇವೆ. ಆದರೆ ಕತ್ತಿನಲ್ಲಿರುವುದು ಏಳು ಸಣ್ಣ ಮೂಳೆ, ಮೇಲೆ ಸುಮಾರು ಐದು ಕೆಜಿ ತಲೆ. ನೇರ ಇದ್ದಾಗ ಸರಿ. ಬಗ್ಗಿದಷ್ಟೂ ಭಾರ ಏರುತ್ತೆ. 60 ಡಿಗ್ರಿ ಬಗ್ಗಿದರೆ ಸುಮಾರು 27 ಕೆಜಿ ಹೊರೆ ಬೀಳುತ್ತೆ ಅಂತ ಅಮೆರಿಕದ ಸರ್ಜನ್ ಒಬ್ಬರು 2014ರಲ್ಲಿ ಕಂಪ್ಯೂಟರ್ ಲೆಕ್ಕ ಹಾಕಿದ್ದರು. ಕಾಗದದ ಮೇಲಿನ ಲೆಕ್ಕ ಅನ್ನಿ. ಆದರೂ ಒಂದು ಅಕ್ಕಿ ಮೂಟೆ ಹೊತ್ತು ನಾಲ್ಕು ತಾಸು ಕೂತ ಕತ್ತಿಗೆ ಸಂಜೆ ಇನ್ನೊಂದು ಗುದ್ದು ಬೇಕಾ?

ಇನ್ನೊಂದು ವಿಷಯ ಓದಿ ಖುಷಿ ಆಯ್ತು. ಡೆನ್ಮಾರ್ಕ್‌ನಲ್ಲಿ 2011ರಲ್ಲಿ ಕತ್ತು, ಭುಜದ ನೋವಿದ್ದ 198 ಜನರನ್ನು ಮೂರು ಗುಂಪು ಮಾಡಿ ನೋಡಿದ್ದರು. ಒಂದು ಗುಂಪು ರಬ್ಬರ್ ಬ್ಯಾಂಡ್ ಹಿಡಿದು ದಿನಕ್ಕೆ 2 ನಿಮಿಷ ವ್ಯಾಯಾಮ ಮಾಡಿತು, ಇನ್ನೊಂದು 12 ನಿಮಿಷ. ಮೂರನೆಯದಕ್ಕೆ ವ್ಯಾಯಾಮ ಇಲ್ಲ. ಹತ್ತು ವಾರ ಆದಮೇಲೆ 2 ನಿಮಿಷದವರಿಗೂ ನೋವು ಚೆನ್ನಾಗಿಯೇ ಇಳಿದಿತ್ತು. ನಮಗೆ ಟೈಮ್ ಇಲ್ಲ ಅನ್ನೋರು (ನಾನೂ ಸೇರಿ) ಇನ್ನೇನು ಹೇಳೋದು?

ನನಗೆ ಪೂರ್ತಿ ವಾಸಿ ಆಗಿದೆ ಅಂತ ಸುಳ್ಳು ಹೇಳಲ್ಲ. ಮದುವೆ ಸೀಸನ್‌ನಲ್ಲಿ ಈಗಲೂ ಹಿಡಿದುಕೊಳ್ಳುತ್ತೆ. ಮೇಜಿನ ಕಾಲಿಗೆ ನಾಲ್ಕು ಇಟ್ಟಿಗೆ ಕೊಟ್ಟು ಎತ್ತರ ಮಾಡಿದ್ದೇನೆ. ಕುಕ್ಕರ್ ಕೂಗಿದಾಗಲೆಲ್ಲ ಎದ್ದು ಗೋಡೆಗೆ ನಿಂತು ಗದ್ದ ಒಳಗೆ ಎಳೆಯುತ್ತೇನೆ. ಮೊನ್ನೆ ಸೀರೆ ಕೊಡಲು ಬಂದ ಹುಡುಗಿ, "ಆಂಟಿ, ಯಾರ ಮೇಲೆ ಸಿಟ್ಟು?" ಅಂದಳು.

ಒಂದು ಮಾತು, ಇದು ತಮಾಷೆಗಲ್ಲ. ಕೈಗೆ ಜೋಮು ಇಳಿಯುತ್ತಿದ್ದರೆ, ಹಿಡಿದ ಲೋಟ ಜಾರುತ್ತಿದ್ದರೆ, ನಡೆಯುವಾಗ ತೂರಾಡುವ ಹಾಗಿದ್ದರೆ, ಬಿದ್ದ ಮೇಲೆ ಅಥವಾ ಜ್ವರದ ಜೊತೆ ನೋವು ಶುರುವಾಗಿದ್ದರೆ ನನ್ನ ಪೋಸ್ಟ್ ಮುಚ್ಚಿ ಡಾಕ್ಟರ ಹತ್ತಿರ ಹೋಗಿ.

ಲಟಕ್ ವಿಷಯಕ್ಕೆ ಬಂದರೆ, ಮೆದುಳಿಗೆ ರಕ್ತ ಒಯ್ಯುವ ನಾಳಗಳು ಕತ್ತಿನಲ್ಲೇ ಹಾದು ಹೋಗುತ್ತವೆ. ಜೋರಾಗಿ ತಿರುಚಿದರೆ ಅಪರೂಪಕ್ಕೆ ಒಳಪದರ ಹರಿದು ಸ್ಟ್ರೋಕ್ ಆಗಬಹುದು. 2024ರಲ್ಲಿ ಬಳ್ಳಾರಿ ಕಡೆಯ ಯುವಕನೊಬ್ಬನಿಗೆ ತಲೆ ಮಸಾಜ್ ಆದಮೇಲೆ ಹೀಗೇ ಆಯ್ತು ಅಂತ ಪೇಪರ್‌ನಲ್ಲಿ ಬಂದಿತ್ತು. ಆ ಸುದ್ದಿಯನ್ನು ನಮ್ಮನೆಯವರಿಗೆ ಎರಡು ಸಲ ಓದಿ ಹೇಳಿದೆ. ಏನೂ ಮಾತಾಡಲಿಲ್ಲ. ಆದರೆ ಮಗ ಬಂದು ಚಾಡಿ ಹೇಳಿದ, ಈಗ ಅಪ್ಪ ಶಾಪ್‌ನಲ್ಲಿ ಕುರ್ಚಿಗೆ ಕೂರುವ ಮೊದಲೇ ಅನ್ನುತ್ತಾರಂತೆ: "ಕಟಿಂಗ್ ಅಷ್ಟೇ ಮಾರಾಯ. ಕತ್ತು ಮುಟ್ಟಬೇಡ."