ಪೈಪು ಗೋಡೆಯ ಹೊರಗೇ ಇರಲಿ, ಮಾರಾಯ್ರೆ

ಕೆಂಪು ಸ್ಕೂಟರನ್ನು ನೀಲಿ ಮಾಡಬೇಕಿತ್ತು. ಅಷ್ಟೇ. ಅದಕ್ಕೆ ನಿನ್ನೆ ಇಡೀ ರಾತ್ರಿ ಹೋಯಿತು.

ಊರೆಲ್ಲ ಚರ್ಚ್‌ಗೇಟ್ ಕಡೆಗೆ ನುಗ್ಗುವ ಹೊತ್ತಿಗೆ ನಾನು ಗೋರೆಗಾಂವ್‌ನಲ್ಲಿ ಉಲ್ಟಾ ದಿಕ್ಕಿನ ಲೋಕಲ್ ಹತ್ತಿ ಕೂತಿದ್ದೇನೆ. ರಾತ್ರಿ ಪಾಳಿಯವರಿಗೆ ಮುಂಬೈ ಕೊಟ್ಟ ಒಂದೇ ವರ ಈ ಕಿಟಕಿ ಸೀಟು. ಮನೆಗೆ ಹೋಗಿ ಮಲಗಿದರೆ ಸಿಟ್ಟು ಇಳಿದುಬಿಡುತ್ತದೆ. ಇಳಿಯುವ ಮೊದಲೇ ಬರೆದುಬಿಡುತ್ತೇನೆ.

ನನ್ನ ಕೆಲಸ ಏನು ಅಂತ ನಿಮಗೆಲ್ಲ ಗೊತ್ತು: ಕಾಂಪೋಸಿಟಿಂಗ್, ಅಂದರೆ ಬೇರೆ ಬೇರೆ ಚಿತ್ರಗಳನ್ನು ಕೂಡಿಸಿ ಒಂದೇ ಶಾಟ್ ಮಾಡುವುದು. (ಮಾಟುಂಗಾದಲ್ಲಿ ಕಾರ್ಯಕ್ರಮಕ್ಕೆ ಹೋದಾಗಲೆಲ್ಲ "ಗ್ರಾಫಿಕ್ಸ್ ಮಾಡ್ತೀರಲ್ಲ?" ಅಂತ ಕೇಳುವ ಹಿರಿಯರಿಗೆ ಮಾತ್ರ ಇನ್ನೂ ಗೊತ್ತಿಲ್ಲ. ಹೌದು ಸಾರ್, ಗ್ರಾಫಿಕ್ಸೇ.) ನಿನ್ನೆಯದು ಒಂದು ಜಾಹೀರಾತು. ಮಳೆ ನಿಂತ ರಸ್ತೆ, ರಾತ್ರಿ, ಅಂಗಡಿಗಳ ದೀಪ, ನಡುವೆ ಸುಯ್ಯನೆ ಹೋಗುವ ಸ್ಕೂಟರ್. ರಸ್ತೆ ನಿಜದ್ದು, ಸ್ಕೂಟರ್ ಕಂಪ್ಯೂಟರಿನದ್ದು. ಎಲ್ಲ ಮುಗಿದು ಓಕೆ ಆದಮೇಲೆ ಕಂಪನಿಯವರಿಗೆ ನೆನಪಾಯಿತು, ಮೊದಲು ಮಾರ್ಕೆಟ್ಟಿಗೆ ಬರುವುದು ನೀಲಿ ಬಣ್ಣದ್ದು ಅಂತ. ಸ್ಕೂಟರನ್ನು ಮತ್ತೆ ರೆಂಡರ್ ಮಾಡಲು, ಅಂದರೆ ಕಂಪ್ಯೂಟರಿನಿಂದ ಹೊಸದಾಗಿ ಚಿತ್ರ ತೆಗೆಸಲು, ಟೈಮಿಲ್ಲ. "ಕಲರ್ ಚೇಂಜ್ ಹೀ ತೋ ಹೈ, ಹೋ ಜಾಯೇಗಾ." ಈ "ಹೋ ಜಾಯೇಗಾ" ಎಂಬ ಮಾತಿನ ಮೇಲೆಯೇ ಈ ಊರಿನ ಅರ್ಧ ಇಂಡಸ್ಟ್ರಿ ನಿಂತಿದೆ.

ಆ ಶಾಟ್ ಮಾಡಿದ ಹುಡುಗ ಗಣಪತಿಗೆ ಅಂತ ಕುಡಾಳಕ್ಕೆ ಹೋಗಿದ್ದಾನೆ. ಫೋನು ಸಿಗುತ್ತಿಲ್ಲ. ಅವನ ಮೇಲೆ ಸಿಟ್ಟಿಲ್ಲ. ಗಣಪತಿಗೆ ಊರಿಗೆ ಹೋಗದ ಕೊಂಕಣದವನನ್ನು ನಾನು ನಂಬುವುದೂ ಇಲ್ಲ. ಸಿಟ್ಟು ಅವನು ಬಿಟ್ಟುಹೋದ ಪ್ರಾಜೆಕ್ಟ್ ಫೈಲಿನ ಮೇಲೆ. ಆಫ್ಟರ್ ಎಫೆಕ್ಟ್ಸ್. ಚಿತ್ರಗಳನ್ನು ಪದರ ಪದರವಾಗಿ ಪೇರಿಸಿ ಕೆಲಸ ಮಾಡುವ ಸಾಫ್ಟ್‌ವೇರ್. ಆ ಪದರವೇ ಲೇಯರ್. ಲೇಯರ್ ಮೇಲೆ ಲೇಯರ್ ಮೇಲೆ ಲೇಯರ್.

ಸ್ಕೂಟರಿನ ಲೇಯರ್ ಹುಡುಕಿ ಬಣ್ಣ ಬದಲಿಸಿದೆ. ನೀಲಿ ಆಯಿತು. ಭೇಷ್. ಆದರೆ ರಸ್ತೆಯ ನೀರಿನಲ್ಲಿ ಬಿದ್ದ ಪ್ರತಿಬಿಂಬ ಇನ್ನೂ ಕೆಂಪು! ಅದಕ್ಕಾಗಿ ಅವನು ಅದೇ ಸ್ಕೂಟರನ್ನು ಡುಪ್ಲಿಕೇಟ್ ಮಾಡಿ, ಉಲ್ಟಾ ತಿರುಗಿಸಿ, ಒಂದು ಪ್ರೀಕಾಂಪ್ (ಲೇಯರುಗಳನ್ನು ಕಟ್ಟಿ ಒಂದೇ ಲೇಯರಿನ ಹಾಗೆ ಇಡುವ ಗಂಟು) ಒಳಗೆ ಹಾಕಿದ್ದ. ಅಲ್ಲಿಗೆ ಹೋಗಿ ಬದಲಿಸಿದೆ. ಈಗ ಅಂಗಡಿಯ ಗಾಜಿನ ಮೇಲೆ ಕೆಂಪು ಹೊಳಪು. ಅದು ಇನ್ನೊಂದು ಡುಪ್ಲಿಕೇಟ್, ಇನ್ನೊಂದು ಪ್ರೀಕಾಂಪ್. ಅದನ್ನೂ ಬದಲಿಸಿದೆ. ಆಮೇಲೂ ಸ್ಕೂಟರಿನ ಹಿಂಬದಿ ಅಂಚಿನಲ್ಲಿ ಕೂದಲೆಳೆಯಷ್ಟು ಕೆಂಪು ಗೆರೆ ಓಡುತ್ತಲೇ ಇತ್ತು. ಪ್ರೀಕಾಂಪ್ ಒಳಗೆ ಪ್ರೀಕಾಂಪ್, ಅದರ ಒಳಗೆ ಮತ್ತೊಂದು. ಲೇಯರನ್ನು ತೋರಿಸುವ, ಮರೆಸುವ ಕಣ್ಣಿನ ಗುರುತನ್ನು ಒಂದೊಂದೇ ಆಫ್ ಮಾಡುತ್ತಾ, ಆನ್ ಮಾಡುತ್ತಾ ಕೂತೆ. ಕೊನೆಗೆ ಸಿಕ್ಕಿದ್ದು ಎಲ್ಲಿ ಗೊತ್ತಾ? 'ಶೈ' ಮಾಡಿಟ್ಟ ಲೇಯರಿನಲ್ಲಿ. ಗೊತ್ತಿಲ್ಲದವರಿಗೆ ಹೇಳುತ್ತೇನೆ: ಆಫ್ಟರ್ ಎಫೆಕ್ಟ್ಸ್‌ನಲ್ಲಿ ಲೇಯರಿಗೆ ನಾಚಿಕೆ ಬರಿಸುವ ಒಂದು ಸ್ವಿಚ್ ಇದೆ. ಅದನ್ನು ಒತ್ತಿ ಅಡಗಿಸಿದರೆ ಲೇಯರ್ ಪಟ್ಟಿಯಲ್ಲಿ ಕಾಣುವುದಿಲ್ಲ, ಚಿತ್ರದಲ್ಲಿ ಮಾತ್ರ ಕೆಲಸ ಮಾಡುತ್ತಲೇ ಇರುತ್ತದೆ. ಎಂಥ ಸೌಲಭ್ಯ ನೋಡಿ.

ಇದೇ ಶಾಟ್ ನ್ಯೂಕ್‌ನಲ್ಲೋ ಫ್ಯೂಷನ್‌ನಲ್ಲೋ ಇದ್ದಿದ್ದರೆ? ಇವೂ ಇದೇ ಕೆಲಸದ ಸಾಫ್ಟ್‌ವೇರುಗಳು, ಆದರೆ ಲೇಯರ್ ಬದಲು ಇಲ್ಲಿ ನೋಡ್: ಗೆರೆ ಎಳೆದು ಜೋಡಿಸುವ ಡಬ್ಬಿಗಳು. ಸ್ಕೂಟರ್ ಫೈಲು ಒಂದು ಡಬ್ಬಿ. ಅದರ ಕೆಳಗೆ ಬಣ್ಣದ ಡಬ್ಬಿ. ಅಲ್ಲಿಂದ ಮೂರು ಗೆರೆ ಹೊರಡುತ್ತವೆ. ಒಂದು ಸೀದಾ ರಸ್ತೆಯ ಮೇಲೆ, ಒಂದು ನೀರಿನ ಪ್ರತಿಬಿಂಬಕ್ಕೆ, ಒಂದು ಗಾಜಿನ ಹೊಳಪಿಗೆ. ಬಣ್ಣ ಒಂದೇ ಕಡೆ ಬದಲಿಸಿದರೆ ಮೂರೂ ಕಡೆ ಹರಿಯುತ್ತದೆ. ಶಾಟ್ ಮಾಡಿದವನು ಕುಡಾಳದಲ್ಲಿ ಮೋದಕ ತಿನ್ನುತ್ತಿದ್ದರೂ ಅವನು ಏನು ಯೋಚಿಸಿದ್ದ ಅಂತ ನನಗೆ ಕಾಣುತ್ತದೆ.

ಇದು ಚಿತ್ರದ ಗುಣಮಟ್ಟದ ಜಗಳ ಅಲ್ಲ. ಇಲ್ಲಿ ನಮ್ಮ ನ್ಯೂಕ್ ಭಕ್ತರಿಗೂ ಒಂದೇಟು ಹಾಕಬೇಕು. "ಆಫ್ಟರ್ ಎಫೆಕ್ಟ್ಸ್‌ನಲ್ಲಿ ಸಿನಿಮಾ ಕ್ವಾಲಿಟಿ ಬರಲ್ಲ" ಅನ್ನುವವರಿಗೆ ಲೆಕ್ಕ ಗೊತ್ತಿಲ್ಲ. ಒಂದು ಚಿತ್ರದ ಮೇಲೆ ಇನ್ನೊಂದನ್ನು ಕೂಡಿಸುವ ಸೂತ್ರವನ್ನು 1984ರಲ್ಲೇ ಲ್ಯೂಕಾಸ್‌ಫಿಲ್ಮ್‌ನ ಥಾಮಸ್ ಪೋರ್ಟರ್ ಮತ್ತು ಟಾಮ್ ಡಫ್ ಬರೆದಿಟ್ಟಿದ್ದಾರೆ. ಮುಂದಿನ ಚಿತ್ರ, ಅದಕ್ಕೆ ಹಿಂದಿನ ಚಿತ್ರವನ್ನು (1 − ಆಲ್ಫಾ)ದಿಂದ ಗುಣಿಸಿ ಕೂಡಿಸು. ಆಲ್ಫಾ ಅಂದರೆ ಮುಂದಿನ ಚಿತ್ರ ಎಲ್ಲಿ ಎಷ್ಟು ಮುಚ್ಚುತ್ತದೆ ಅನ್ನುವ ಅಂಕೆ. ಮುಗಿಯಿತು. ಲೇಯರ್ ಇರಲಿ ನೋಡ್ ಇರಲಿ, ಒಳಗೆ ನಡೆಯುವುದು ಇದೇ ಗುಣಾಕಾರ. ಆಫ್ಟರ್ ಎಫೆಕ್ಟ್ಸ್, ನ್ಯೂಕ್ ಎರಡೂ ಸುಮಾರು ಒಂದೇ ವಯಸ್ಸಿನವು ಕೂಡ. ಆಫ್ಟರ್ ಎಫೆಕ್ಟ್ಸ್ ಬಂದಿದ್ದು 1993ರಲ್ಲಿ. (ಫೋಟೋಶಾಪಿಗೆ ಲೇಯರ್ ಬಂದಿದ್ದು ಅದರ ಮರುವರ್ಷ. ಹುಡುಗರಿಗೆ ಹೇಳಿದರೆ ನಂಬುವುದೇ ಇಲ್ಲ.) ಅದೇ 1993ರಲ್ಲಿ ಡಿಜಿಟಲ್ ಡೊಮೇನ್ ಸ್ಟುಡಿಯೋ ತನ್ನ ಸ್ವಂತ ಕೆಲಸಕ್ಕೆ ಅಂತ ನ್ಯೂಕ್ ಕಟ್ಟಲು ಶುರು ಮಾಡಿತು. 2007ರಲ್ಲಿ ಅದು ಫೌಂಡ್ರಿ ಎಂಬ ಸಾಫ್ಟ್‌ವೇರ್ ಕಂಪನಿಯ ಕೈಗೆ ಹೋಯಿತು.

ಹುಟ್ಟಿದ ಮನೆ ನೋಡಿದರೇ ವ್ಯತ್ಯಾಸ ಗೊತ್ತಾಗುತ್ತದೆ. ಒಂದು, ತನ್ನ ಮೇಜಿನ ಮುಂದೆ ಒಬ್ಬನೇ ಕೂತು ಕೆಲಸ ಮಾಡುವವನಿಗೆ ಹೊಂದಿಕೊಂಡು ಬೆಳೆಯಿತು. ಇನ್ನೊಂದು ಹುಟ್ಟಿದ್ದು, ಒಂದೇ ಶಾಟನ್ನು ಹತ್ತು ಜನ ಮುಟ್ಟುವ ಸ್ಟುಡಿಯೋದಲ್ಲಿ. ಆಕಾರ ಕತ್ತರಿಸುವ ರೋಟೊ ಒಬ್ಬರು, ಬೇಡದ್ದನ್ನು ಅಳಿಸುವ ಪೇಂಟ್ ಒಬ್ಬರು, ಹಗಲಿಗೆ ಒಬ್ಬರು, ರಾತ್ರಿಗೆ ನನ್ನಂಥ ಪಾಪಿ. ಕೈಯಿಂದ ಕೈಗೆ ಹೋಗುವ ಕೆಲಸ ಇದು. ಹಾಗಾಗಿ "ಯಾವುದರಲ್ಲಿ ಬೇಗ ಮಾಡಬಹುದು" ಅನ್ನುವ ಪ್ರಶ್ನೆ ನನಗೆ ದೊಡ್ಡದಲ್ಲ. ಮಾಡಿದವನು ಎದ್ದುಹೋದ ಮೇಲೆ ಯಾವುದನ್ನು ಓದಬಹುದು? ಅದನ್ನು ಹೇಳಿ.

ನಾನು ಮೊದಲಿದ್ದ ಚಾಳು, ಆ ಸಾಲುಮನೆಗಳ ಹಳೇ ಕಟ್ಟಡ, ನೆನಪಿದೆಯಾ ನಿಮಗೆ? ಎಲ್ಲ ಪೈಪುಗಳೂ ಗೋಡೆಯ ಹೊರಗೆ. ನೋಡಲು ಚಂದವೇ ಇರಲಿಲ್ಲ. ಆದರೆ ನೀರು ಸೋರಿದರೆ ಪ್ಲಂಬರ್ ಅಂಗಳದಲ್ಲಿ ನಿಂತು ತಲೆ ಎತ್ತಿ ನೋಡಿ, "ಎರಡನೇ ಮಾಳಿಗೆ, ಮೂಲೆ ಮನೆ" ಅಂತ ಹೇಳಿಬಿಡುತ್ತಿದ್ದ. ಈಗಿನ ಟವರಿನಲ್ಲಿ ಎಲ್ಲ ಕನ್ಸೀಲ್ಡ್. ಗೋಡೆ ನುಣ್ಣಗೆ, ಟೈಲ್ಸು ಫಳಫಳ. ಮಳೆಗಾಲದಲ್ಲಿ ನಮ್ಮ ಬಾತ್‌ರೂಮಿನ ಚಾವಣಿ ಒದ್ದೆಯಾದರೆ ಅದು ಮೇಲಿನವರದ್ದಾ, ಪಕ್ಕದವರದ್ದಾ, ದೇವರಿಗೇ ಗೊತ್ತು. ಟೈಲ್ಸ್ ಒಡೆದೇ ನೋಡಬೇಕು. ಯಾರ ಖರ್ಚಿನಲ್ಲಿ ಒಡೆಯುವುದು ಅನ್ನುವುದಕ್ಕೆ ಸೊಸೈಟಿ ಮೀಟಿಂಗ್. ಆ ಮೀಟಿಂಗಿನ ಕಥೆ ಬೇರೆಯೇ ಬರೆಯಬೇಕು, ಇಲ್ಲಿ ಬೇಡ. ಪ್ರೀಕಾಂಪ್ ಅಂದರೆ ನನಗೆ ಇದೇ. ಕನ್ಸೀಲ್ಡ್ ಪ್ಲಂಬಿಂಗ್.

ಇನ್ನೂ ಕಿರಿಕಿರಿಯ ವಿಷಯ, ಆ ಪ್ರೀಕಾಂಪ್ ಮಾಡುವುದು ಬಹಳ ಸಲ ಆ ಹುಡುಗನ ಸೋಮಾರಿತನವೂ ಅಲ್ಲ. ಸಾಫ್ಟ್‌ವೇರೇ ಮಾಡಿಸುತ್ತದೆ. ಒಂದು ಲೇಯರಿನಲ್ಲಿ ಮೊದಲು ಮಾಸ್ಕ್, ಆಮೇಲೆ ಎಫೆಕ್ಟ್, ಆಮೇಲೆ ಜಾಗ ಮತ್ತು ಅಳತೆ. ಇದು ಕಟ್ಟಿಟ್ಟ ಕ್ರಮ. ಮೊದಲು ಚಿಕ್ಕದು ಮಾಡಿ ಆಮೇಲೆ ಬ್ಲರ್ ಹಾಕಬೇಕು ಅಂದರೆ ಪ್ರೀಕಾಂಪ್ ಮಾಡು, ಇಲ್ಲವೇ ಟ್ರಾನ್ಸ್‌ಫಾರ್ಮ್ ಅನ್ನುವ ಬೇರೆ ಎಫೆಕ್ಟ್ ಹುಡುಕಿ ಹಾಕು. ನೋಡ್‌ನಲ್ಲಿ ಗೆರೆ ಬಿಡಿಸಿ ಹಿಂದುಮುಂದು ಜೋಡಿಸಿದರೆ ಆಯಿತು. ಕ್ರಮ ನನ್ನದು. ಆ ಕ್ರಮ ಮುಂದಿನವನಿಗೆ ಬರೆದಿಟ್ಟ ಹಾಗೆ ಕಾಣುತ್ತದೆ ಕೂಡ.

ಆಲ್ಫಾ ಕಥೆಯೂ ಅದೇ. ಅಂಚಿನಲ್ಲಿ ಕಪ್ಪು ಗೆರೆ ಬಂತು ಅಂದರೆ ನೂರಕ್ಕೆ ತೊಂಬತ್ತು ಸಲ ಪ್ರೀಮಲ್ಟಿಪ್ಲೈ ಎಡವಟ್ಟು, ಅಂದರೆ ಬಣ್ಣವನ್ನು ಮೊದಲೇ ಆಲ್ಫಾದಿಂದ ಗುಣಿಸಿಡುವುದರಲ್ಲಿ ಆದ ತಪ್ಪು. ನ್ಯೂಕ್‌ನಲ್ಲಿ ಪ್ರೀಮಲ್ಟ್, ಅನ್‌ಪ್ರೀಮಲ್ಟ್ ಎರಡೂ ಕಣ್ಣೆದುರು ಕೂತ ನೋಡ್‌ಗಳು. ಎರಡು ಸಲ ಹಾಕಿದ್ದರೆ ಎರಡು ಕಾಣುತ್ತವೆ. ಆಫ್ಟರ್ ಎಫೆಕ್ಟ್ಸ್‌ನಲ್ಲಿ ಅದು ಫೈಲಿನ ಮೇಲೆ ರೈಟ್ ಕ್ಲಿಕ್ ಮಾಡಿ, ಇಂಟರ್‌ಪ್ರೆಟ್ ಫೂಟೇಜ್ ತೆರೆದು, ಅಲ್ಲೊಂದು ಮೂಲೆಯಲ್ಲಿ. ಟೈಮ್‌ಲೈನನ್ನು ಬೆಳಗಿನ ತನಕ ದಿಟ್ಟಿಸಿದರೂ ಗೊತ್ತಾಗುವುದಿಲ್ಲ.

ಈಗ ಕಮೆಂಟಿಗೆ ಓಡಿ ಬರುವವರು ನನಗೆ ಗೊತ್ತು. ಮೊದಲನೆಯದು: "ಶಿಸ್ತಿನಿಂದ ಮಾಡಿದರೆ ಲೇಯರಿನಲ್ಲೂ ಎಲ್ಲ ಸರಿ ಇರುತ್ತೆ ಸರ್. ಸ್ಕೂಟರನ್ನು ಒಂದೇ ಪ್ರೀಕಾಂಪ್ ಮಾಡಿ ಮೂರು ಕಡೆ ಬಳಸಬಹುದಿತ್ತಲ್ಲ?" ಬಳಸಬಹುದಿತ್ತು. ರಾತ್ರಿ ಮೂರು ಗಂಟೆಗೆ, ಕ್ಲೈಂಟ್ ಹಿಂದೆ ನಿಂತು ಉಸಿರು ಬಿಡುವಾಗ, ಶಿಸ್ತು ಇಟ್ಟುಕೊಂಡವರು ಯಾರಾದರೂ ಇದ್ದರೆ ಕಳಿಸಿ, ಪಾದಪೂಜೆ ಮಾಡುತ್ತೇನೆ. ಎರಡನೆಯದು: "ಆಫ್ಟರ್ ಎಫೆಕ್ಟ್ಸ್‌ನಲ್ಲೂ ಫ್ಲೋಚಾರ್ಟ್ ಇದೆ." ಇದೆ. ನೋಡಬಹುದು. ಗೆರೆ ಹಿಡಿದು ಬೇರೆ ಕಡೆ ಜೋಡಿಸಲು ಆಗುವುದಿಲ್ಲ. ಮೂರನೆಯದು: "ನೋಡ್ ಗ್ರಾಫೂ ಕಗ್ಗಂಟಾಗುತ್ತೆ." ಆಗುತ್ತದೆ ಮಾರಾಯ್ರೆ, ನಾನೇ ನೋಡಿದ್ದೇನೆ, ಪರದೆಯ ಈ ಕಡೆಯಿಂದ ಆ ಕಡೆಗೆ ಗೆರೆ ಎಳೆದು, ಚಿತ್ರ ಕೂಡಿಸುವ ಎಂಟು ಮರ್ಜ್‌ಗಳ ಮೇಲೆ ಹಾಯಿಸಿದ ಮಹಾನುಭಾವರನ್ನು. ಆದರೆ ಆ ಗಂಟು ಕಣ್ಣಿಗೆ ಕಾಣುತ್ತದೆ. ಕಂಡ ಗಂಟನ್ನು ಬೈದುಕೊಂಡಾದರೂ ಬಿಡಿಸಬಹುದು.

ಒಂದು ವಿಷಯದಲ್ಲಿ ಮಾತ್ರ ಲೇಯರಿನವರು ಹೇಳುವುದು ಸರಿ. ನೋಡ್ ಗ್ರಾಫಿನಲ್ಲಿ ಸಮಯ ಕಾಣುವುದಿಲ್ಲ. ಯಾವುದು ಯಾವಾಗ ಬರುತ್ತದೆ, ಯಾವಾಗ ಹೋಗುತ್ತದೆ ಅನ್ನುವುದು ಟೈಮ್‌ಲೈನಿನಲ್ಲಿ ಒಂದೇ ನೋಟಕ್ಕೆ ಗೊತ್ತಾಗುತ್ತದೆ. ಟೈಟಲ್ ಕಾರ್ಡು, ಅಕ್ಷರ ಕುಣಿಸುವುದು, ಲೋಗೋ ಹಾರಿಸುವುದು, ಇವನ್ನೆಲ್ಲ ನ್ಯೂಕ್‌ನಲ್ಲಿ ಮಾಡುವವನಿಗೆ ಬೇರೆ ಏನೋ ಸಮಸ್ಯೆ ಇದೆ. ಅದಕ್ಕೆ ಲೇಯರೇ ಇರಲಿ. ಯಾರೂ ಕಿತ್ತುಕೊಳ್ಳುತ್ತಿಲ್ಲ.

ಮತ್ತೆ, ಹೇಳಲೋ ಬೇಡವೋ ಅನಿಸುತ್ತಿದೆ, ಹೇಳಿಯೇಬಿಡುತ್ತೇನೆ. ಆ ಹುಡುಗನ ಶಾಟ್ ಬಹಳ ಚೆನ್ನಾಗಿತ್ತು. ನೀರಿನ ಮೇಲೆ ಬೆಳಕು ಒಡೆಯುವ ರೀತಿ, ಗಾಜಿನಲ್ಲಿ ಅರೆಗಳಿಗೆ ಮಿಂಚಿ ಹೋಗುವ ಹೊಳಪು, ಯಾರೂ ಅವನಿಗೆ ಹೇಳಿಕೊಟ್ಟಿದ್ದಲ್ಲ. ಲೇಯರ್ ಮೇಲೆ ಲೇಯರ್ ಹಾಕಿ, ಬ್ಲೆಂಡ್ ಮೋಡ್ ಬದಲಿಸಿ, ಆಟ ಆಡುತ್ತಾ ಆಡುತ್ತಾ ಸಿಕ್ಕಿದ್ದು. ನಾನು ನೋಡ್‌ಗಳನ್ನು ಸಾಲಾಗಿ, ನೇರವಾಗಿ, ಹೆಸರು ಬರೆದು ಜೋಡಿಸುತ್ತೇನೆ. ನನ್ನ ಸ್ಕ್ರಿಪ್ಟ್ (ನ್ಯೂಕ್ ಫೈಲಿಗೆ ಹಾಗನ್ನುತ್ತಾರೆ) ಯಾರು ಬೇಕಾದರೂ ಓದಬಹುದು. ಆ ಬೆಳಕು ಮಾತ್ರ ನನ್ನ ಕೈಯಲ್ಲಿ ಬರುತ್ತಿರಲಿಲ್ಲವೇನೋ. ರಾತ್ರಿಯಿಡೀ ಸಿಟ್ಟಿನ ಜೊತೆಗೆ ಹೊಟ್ಟೆಕಿಚ್ಚೂ ಇತ್ತು. ಸಿಟ್ಟು ಜಾಸ್ತಿಯಾಗಿದ್ದೇ ಅದರಿಂದ ಇರಬಹುದು. ಇಷ್ಟು ಚೆನ್ನಾಗಿ ಮಾಡಿದ್ದನ್ನು ಯಾಕಪ್ಪಾ ಯಾರೂ ಮುಟ್ಟಲಾಗದ ಹಾಗೆ ಗೋಡೆಯೊಳಗೆ ಹೂತಿಟ್ಟೆ ಅಂತ.

ಇದಕ್ಕೆ ಅವನನ್ನು ಬೈದು ಏನು ಪ್ರಯೋಜನ? ಅವನಿಗೆ ಕಲಿಸಿದವರು ಹಾಗೇ ಕಲಿಸಿದ್ದಾರೆ. ಅಂಧೇರಿ ಸ್ಟೇಷನ್ನಿನಿಂದ ಹೊರಗೆ ಬಂದರೆ ಗಲ್ಲಿಗೊಂದು ಬೋರ್ಡು: ವಿಎಫ್‌ಎಕ್ಸ್ ಕಲಿಯಿರಿ, ನೂರಕ್ಕೆ ನೂರು ಕೆಲಸ ಗ್ಯಾರಂಟಿ. ಒಳಗೆ ಕಲಿಸುವುದು ಯಾವ ಬಟನ್ ಎಲ್ಲಿದೆ ಅಂತ. ಇಡೀ ಕೋರ್ಸಿನಲ್ಲಿ ಒಂದು ಸಲವೂ ಇನ್ನೊಬ್ಬರ ಫೈಲು ತೆರೆಸುವುದಿಲ್ಲ. ಅಲ್ಲಿ ಎಲ್ಲರೂ ತಮ್ಮದನ್ನು ತಾವೇ ಶುರು ಮಾಡಿ ತಾವೇ ಮುಗಿಸುತ್ತಾರೆ. ಸ್ಟುಡಿಯೋಗೆ ಬಂದ ಮೊದಲ ದಿನವೇ ಕೈಗೆ ಸಿಗುವುದು ಇನ್ನೊಬ್ಬ ಅರ್ಧ ಮಾಡಿ ಬಿಟ್ಟ ಶಾಟ್. ಆಗ ಆಕಾಶ ನೋಡುತ್ತಾರೆ.

ಉಡುಪಿ, ಮಂಗಳೂರು, ಹುಬ್ಬಳ್ಳಿಯಿಂದ ಹುಡುಗ ಹುಡುಗಿಯರು ಇನ್‌ಬಾಕ್ಸಿಗೆ ಬರುತ್ತೀರಿ. "ಅಣ್ಣಾ, ಯಾವುದು ಕಲೀಲಿ?" ದುಡ್ಡಿಲ್ಲ ಅನ್ನುವ ನೆಪ ಈಗ ನಡೆಯುವುದಿಲ್ಲ. ಫ್ಯೂಷನನ್ನು ಬ್ಲ್ಯಾಕ್‌ಮ್ಯಾಜಿಕ್ 2014ರಲ್ಲಿ ಕೊಂಡು, 2018ರಲ್ಲಿ ಡಾವಿಂಚಿ ರಿಸಾಲ್ವ್ ಅನ್ನುವ ತನ್ನ ಎಡಿಟಿಂಗ್ ಸಾಫ್ಟ್‌ವೇರ್ ಒಳಗೇ ಕೂರಿಸಿದೆ. ಫ್ರೀ ವರ್ಷನ್‌ನಲ್ಲೂ ಸಿಗುತ್ತದೆ. ಬ್ಲೆಂಡರ್ ಅನ್ನುವ 3ಡಿ ಸಾಫ್ಟ್‌ವೇರಿನಲ್ಲಿ ನೋಡ್ ಕಾಂಪೋಸಿಟರ್ ಇದೆ, ಅದೂ ಫ್ರೀ. ನ್ಯೂಕ್‌ನ ನಾನ್ ಕಮರ್ಷಿಯಲ್ ಆವೃತ್ತಿ ಇಳಿಸಿಕೊಳ್ಳಿ. 1920×1080ಕ್ಕಿಂತ ದೊಡ್ಡ ಚಿತ್ರ ಹೊರಗೆ ಬರುವುದಿಲ್ಲ, ಕಲಿಯಲು ಅಷ್ಟು ಧಾರಾಳ ಸಾಕು. ಆದರೆ ಒಂದೇ ಸಾಫ್ಟ್‌ವೇರಿಗೆ ತಾಳಿ ಕಟ್ಟಬೇಡಿ. ಶೇಕ್ ಅನ್ನುವ ನೋಡ್ ಸಾಫ್ಟ್‌ವೇರ್ ಕಲಿತು ನಮ್ಮನ್ನು ಬಿಟ್ಟರೆ ಯಾರಿದ್ದಾರೆ ಅಂತ ಮೆರೆದವರ ಕಾಲವೊಂದಿತ್ತು. ಆಪಲ್ ಅದನ್ನು 2002ರಲ್ಲಿ ಕೊಂಡಿತು, 2009ರಲ್ಲಿ ನಿಲ್ಲಿಸಿಬಿಟ್ಟಿತು. ಗ್ರಾಫ್ ಓದಲು ಬರುತ್ತಿದ್ದವರು ಎದ್ದು ನ್ಯೂಕ್ ಮುಂದೆ ಕೂತರು, ಅಷ್ಟೇ.

ಇನ್ನು ಲಕ್ಷಗಟ್ಟಲೆ ಫೀಸು ಕಟ್ಟಿಯೇ ಕಲಿಯುತ್ತೇನೆ ಅನ್ನುವವರು, ಕಟ್ಟುವ ಮೊದಲು ಡೆಮೊ ಕ್ಲಾಸಿಗೆ ಹೋಗಿ. ಕಳೆದ ಬ್ಯಾಚಿನವರು ಮಾಡಿದ ಯಾವುದಾದರೂ ಒಂದು ಶಾಟ್ ತೆರೆಯಿರಿ ಅಂತ ಕೇಳಿ. ಈ ಬಣ್ಣ ಎಲ್ಲಿಂದ ಬಂತು, ತೋರಿಸಿ ಸರ್ ಅನ್ನಿ. ಅವರು ಒಂದೊಂದೇ ಕಣ್ಣು ಆಫ್ ಮಾಡಲು ಶುರು ಮಾಡಿದರೆ, ಚಹಾ ಕುಡಿದು ಎದ್ದು ಬನ್ನಿ. ಡೆಮೊ ಕ್ಲಾಸಿನಲ್ಲಿ ಚಹಾ ಹೇಗೂ ಫ್ರೀ.