ಶಿರಸಿಯಲ್ಲಿ ಬಳಸದಿದ್ದರೆ ಮಾತ್ರ ವಾರಂಟಿ

ಶಿರಸಿ ಸೀಮೆಯಲ್ಲಿ ಇನ್ವರ್ಟರ್ ಕೊಳ್ಳುವುದಕ್ಕೆ ಇರುವ ಕಾರಣ ಒಂದೇ. ಜೂನ್ ತಿಂಗಳ ಮೊದಲ ಗಾಳಿಮಳೆಗೆ ಎಲ್ಲೋ ಒಂದು ಮರ ತಂತಿಯ ಮೇಲೆ ಒರಗುತ್ತದೆ. ಆ ಮರವನ್ನು ಹುಡುಕಿಕೊಂಡು ಕಾಡು ಹೊಕ್ಕ ಲೈನ್‌ಮನ್ ಹೊರಬರುವ ತನಕ ನಾವು ಕತ್ತಲಲ್ಲಿ ಕೂರುತ್ತೇವೆ. ಇದನ್ನೇ ಅಂಗಡಿಯವರಿಗೆ ಬಿಡಿಸಿ ಹೇಳಿ, ನಮ್ಮ ಊರಿಗೆ ಯಾವುದು ತಡೆದೀತು ಎಂಬ ಆಯ್ಕೆಯನ್ನೂ ಅವರಿಗೇ ಬಿಟ್ಟು, ಎರಡು ವರ್ಷದ ವಾರಂಟಿಯಿರುವ ಇನ್ವರ್ಟರೊಂದನ್ನು ತಂದೆ. ಮೂರನೆಯ ತಿಂಗಳಲ್ಲಿ, ಸರಿಯಾಗಿ ಕರೆಂಟ್ ಹೋದ ಹೊತ್ತಿಗೆ, ಅದೂ ಹೋಯಿತು.

ವಾರಂಟಿ ಕಾರ್ಡನ್ನು ಜನ ಓದುವುದು ವಸ್ತು ಕೆಟ್ಟ ಮೇಲೆ. ನಾನೂ ಆಗಲೇ ಓದಿದೆ. ವೋಲ್ಟೇಜ್ ಏರಿಳಿತ, ಸಿಡಿಲು, ವಾತಾವರಣದ ತೇವಾಂಶ, ಇರುವೆ, ಜಿರಲೆ, ಹಲ್ಲಿ, ಇಲಿ, ಇವುಗಳಿಂದಾದ ಹಾನಿಗೆ ವಾರಂಟಿ ಅನ್ವಯಿಸುವುದಿಲ್ಲವಂತೆ. ಈ ಪಟ್ಟಿಯನ್ನು ತಯಾರಿಸಿದವರು ಒಂದು ಮಳೆಗಾಲ ಪೂರ್ತಿ ನಮ್ಮ ಮನೆಯ ಅಟ್ಟದ ಮೇಲೆ ಕೂತು ಬರೆದಿರಬೇಕು ಎಂಬ ಅನುಮಾನ ನನಗೆ ಈಗಲೂ ಇದೆ. ಕಪಾಟಿನೊಳಗಿನ ಚಪ್ಪಲಿಗೂ ಬೂಷ್ಟು ಹಿಡಿಯುವ ಊರಿನಲ್ಲಿ ತೇವಾಂಶ ತಾಗದಂತೆ ಇನ್ವರ್ಟರ್ ಬಳಸಬೇಕಾದರೆ ಅದನ್ನು ಬಿಜಾಪುರದಲ್ಲಿಟ್ಟು ಇಲ್ಲಿಗೆ ತಂತಿ ಎಳೆಯಬೇಕು. ಕರೆಂಟಿನ ಕಾಟಕ್ಕೆಂದೇ ಮಾರುವ ವಸ್ತುವಿಗೆ ಕರೆಂಟಿನ ಕಾಟದಿಂದಲೇ ವಾರಂಟಿ ರದ್ದಾಗುವುದೆಂದರೆ, ಮಳೆಯಲ್ಲಿ ಬಿಚ್ಚಿದ ಕೊಡೆಗೆ ಜವಾಬ್ದಾರಿಯಿಲ್ಲ ಎಂದಂತಾಯಿತು.

ಹತ್ತು ದಿನಗಳ ನಂತರ ಹುಬ್ಬಳ್ಳಿಯ ಸರ್ವಿಸ್ ಸೆಂಟರಿನಿಂದ ಒಬ್ಬರು ಬಂದು ಮುಚ್ಚಳ ತೆಗೆದರು. ಒಳಗೆ ಒಂದು ಇರುವೆ ಸತ್ತು ಬಿದ್ದಿತ್ತು. ಅವರು ಅದರ ಫೋಟೊವನ್ನು ಮೂರು ದಿಕ್ಕಿನಿಂದ ತೆಗೆದರು. ಇಷ್ಟು ಚುರುಕಾದ ಮರಣೋತ್ತರ ಪರೀಕ್ಷೆಯನ್ನು ನಾನು ಬೇರೆಲ್ಲೂ ಕಂಡಿಲ್ಲ. ಇರುವೆ ಇನ್ವರ್ಟರನ್ನು ಕೊಂದಿತೋ, ಇನ್ವರ್ಟರೇ ಇರುವೆಯನ್ನು ಕೊಂದಿತೋ ಎಂದು ಕೇಳಿದ್ದಕ್ಕೆ, ಅಂಥ ಕಾಲಂ ತಮ್ಮ ಫಾರ್ಮಿನಲ್ಲಿ ಇಲ್ಲವೆಂದರು.

ಅಂಗಡಿಯವರು ಮಾತ್ರ ಬಹಳ ಮರುಗಿದರು. “ನಮ್ಮ ಕೈಯಲ್ಲಿ ಎಂತದೂ ಇಲ್ಲ ಹೆಗಡೇರೇ, ಎಲ್ಲ ಕಂಪನಿಯವರದ್ದು” ಎಂದು ಹೇಳಿ, ತಲೆಯ ಮೇಲಿನ ಬೋರ್ಡಿನತ್ತ ಕಣ್ಣು ಹಾಯಿಸಿದರು. ಒಮ್ಮೆ ಮಾರಿದ ಮಾಲನ್ನು ವಾಪಸು ಪಡೆಯುವುದಿಲ್ಲ ಎಂಬ ಆ ಬೋರ್ಡಿಗೆ ದಿನವೂ ಊದಿನಕಡ್ಡಿಯ ಹೊಗೆ ತಾಗುವುದರಿಂದ ಅದಕ್ಕೆ ಶಾಸನದ ಗಾಂಭೀರ್ಯ ಬಂದಿದೆ. ನಿಜವಾದ ಶಾಸನ ಬೇರೆಯೇ ಇದೆ. 2020ರ ಜುಲೈ 20ರಿಂದ ಜಾರಿಗೆ ಬಂದ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ, ದೋಷವಿರುವ ಮಾಲನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳದಿದ್ದರೆ 30 ದಿನಗಳೊಳಗೆ, ವಾಪಸು ಪಡೆದು ಹಣ ಕೊಡಲು ಒಪ್ಪದಿರುವುದೇ ಅನುಚಿತ ವ್ಯಾಪಾರ ಪದ್ಧತಿ. ಬಿಲ್ಲು ಕೊಡದಿರುವುದೂ ಅದೇ ಸಾಲಿಗೆ ಸೇರುತ್ತದೆ. ನನ್ನ 30 ದಿನಗಳು ಮುಗಿದಿದ್ದವು, ನಿಜ. ಆದರೆ ದೋಷದ ಬಗ್ಗೆ ದೂರು ಕೊಡಲು ಕಾಯ್ದೆ ಎರಡು ವರ್ಷಗಳ ಕಾಲಾವಕಾಶ ಇಟ್ಟಿದೆ. ಇನ್ನು, ಕೊಳ್ಳುವವನು ಉದ್ದೇಶವನ್ನು ತಿಳಿಸಿ ಮಾರುವವನ ತಿಳಿವಳಿಕೆಯನ್ನು ನಂಬಿ ಕೊಂಡರೆ ಮಾಲು ಆ ಉದ್ದೇಶಕ್ಕೆ ತಕ್ಕಮಟ್ಟಿಗೆ ಒದಗಬೇಕೆಂದು 1930ರ ಸರಕು ಮಾರಾಟ ಕಾಯ್ದೆಯೇ ಹೇಳಿದೆ. ಕಾಯ್ದೆಗೆ ತೊಂಬತ್ತು ದಾಟಿದರೂ ಅಂಗಡಿಯ ಗಲ್ಲೆಯವರೆಗೆ ಇನ್ನೂ ನಡೆದು ಬಂದಿಲ್ಲ.

1915ಕ್ಕೆ ಫೋನ್ ಮಾಡಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ ಸಿಗುತ್ತದೆ, ನಮ್ಮಲ್ಲಿ ಮಳೆಗಾಲದಲ್ಲಿ ನೆಟ್‌ವರ್ಕ್ ಸಿಕ್ಕರೆ. ಅಲ್ಲಿ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗ ಕಾರವಾರದಲ್ಲಿದೆ. ಕಂಪನಿ ಎಲ್ಲಿಯದೇ ಆಗಿರಲಿ, ದೂರುದಾರ ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಕೊಟ್ಟ ಬೆಲೆ ಐದು ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ. ಘಟ್ಟ ಇಳಿಯುವ ಬಸ್ ಚಾರ್ಜು ಮಾತ್ರ ಕೈಯಿಂದ.

ದೂರು ಬರೆದು ಬಿಲ್ಲು ಹುಡುಕಿದರೆ, ಆ ನುಣುಪು ಕಾಗದದ ಅಕ್ಷರಗಳು ಮೂರೇ ತಿಂಗಳಿಗೆ ಅರ್ಧ ಮಾಸಿದ್ದವು. ಉಳಿದರ್ಧವಾದರೂ ದಕ್ಕಲಿ ಎಂದು ಝೆರಾಕ್ಸ್ ಮಾಡಿಸಲು ಪೇಟೆಗೆ ಓಡಿದೆ. ಝೆರಾಕ್ಸ್ ಅಂಗಡಿಯಲ್ಲಿ ಕರೆಂಟ್ ಇರಲಿಲ್ಲ. ಅವರ ಇನ್ವರ್ಟರ್ ವಾರಂಟಿಯ ಮೇಲೆ ಹುಬ್ಬಳ್ಳಿಗೆ ಹೋಗಿತ್ತು.