ಒಂದೇ ಅರ್ಜಿ, ನೂರೆಂಟು ತಕರಾರು

ನಮ್ಮ ವ್ಯಾಪಾರಿಗಳ ವಿಸಿಟಿಂಗ್ ಕಾರ್ಡುಗಳಲ್ಲಿ ಈಚೆಗೆ ಹೊಸ ಬಿರುದೊಂದು ಮೆರೆಯುತ್ತಿದೆ: ‘ಅಂತಾರಾಷ್ಟ್ರೀಯ ಟ್ರೇಡ್‌ಮಾರ್ಕ್ ಪಡೆದ ಸಂಸ್ಥೆ’. ಅಂಥದ್ದೊಂದು ವಸ್ತು ಭೂಮಿಯ ಮೇಲೆ ಇಲ್ಲ ಎಂಬುದಷ್ಟೇ ಸಣ್ಣ ತೊಡಕು. ಇರುವುದು ಅಂತಾರಾಷ್ಟ್ರೀಯ ಅರ್ಜಿ. ಜಿನೀವಾದ ವೈಪೋ, ಅಂದರೆ ವಿಶ್ವ ಬೌದ್ಧಿಕ ಸ್ವತ್ತು ಸಂಸ್ಥೆ, ಅದನ್ನು ದಾಖಲಿಸಿಕೊಂಡು ಚೆಂದದ ಪ್ರಮಾಣಪತ್ರ ಕಳಿಸುತ್ತದೆ. ಅದರ ತಾತ್ಪರ್ಯ ಇಷ್ಟು: ನಿಮ್ಮ ಕಾಗದ ಸರಿ ಇದೆ, ದುಡ್ಡು ಮುಟ್ಟಿದೆ, ಇನ್ನು ನೀವು ಹೆಸರಿಸಿದ ದೇಶಗಳು ಒಪ್ಪುತ್ತವೋ ಇಲ್ಲವೋ ಕಾದು ನೋಡಿ. ‘ಆಗದು’ ಅನ್ನುವುದಕ್ಕೆ ಆ ದೇಶಗಳಿಗೆ 12 ತಿಂಗಳ ಗಡುವು, ಸಾಲದೆಂದವರಿಗೆ 18. ಪ್ರಮಾಣಪತ್ರಕ್ಕೆ ಫ್ರೇಮ್ ಹಾಕಿಸುವವರು ಮಾತ್ರ ಒಂದು ದಿನವೂ ಕಾಯುವುದಿಲ್ಲ.

ಈ ಏರ್ಪಾಟಿನ ಹೆಸರು ಮ್ಯಾಡ್ರಿಡ್ ಪ್ರೋಟೋಕಾಲ್. 1989ರಲ್ಲಿ ಹುಟ್ಟಿದ್ದು, ಭಾರತ ಸೇರಿದ್ದು 2013ರ ಜುಲೈ 8ಕ್ಕೆ. ಹೆಸರು ಸ್ಪೇನಿನದು, ಕಚೇರಿ ಸ್ವಿಟ್ಜರ್ಲೆಂಡಿನಲ್ಲಿ, ಅರ್ಜಿ ಹೋಗಬೇಕಾದ್ದು ನಮ್ಮದೇ ಟ್ರೇಡ್‌ಮಾರ್ಕ್ ರಿಜಿಸ್ಟ್ರಿಯ ಮೂಲಕ. ಒಂದೇ ಅರ್ಜಿ, ಒಂದೇ ಭಾಷೆ, ಒಂದೇ ಕಡೆ ಶುಲ್ಕ, 130ಕ್ಕೂ ಹೆಚ್ಚು ದೇಶ ಎಂಬುದು ಪ್ರಚಾರ. ಮದುವೆ ದಲ್ಲಾಳಿಯ ಮಾತಿನ ಹಾಗೆ ಇದರಲ್ಲಿ ಸುಳ್ಳು ಯಾವುದೂ ಇಲ್ಲ. ಹೇಳದೆ ಬಿಟ್ಟದ್ದೇ ಜಾಸ್ತಿ.

ಚಿಕ್ಕಮಗಳೂರಿನ ಕಾಫಿಪುಡಿ ವ್ಯಾಪಾರಿಯೊಬ್ಬರು ಹೊರಟರು ಅಂದುಕೊಳ್ಳಿ. ಜಗತ್ತಿನ ಸಕಲ ಸರಕು-ಸೇವೆಗಳನ್ನು 45 ವರ್ಗಗಳಲ್ಲಿ ತುಂಬಿಟ್ಟಿರುವ ನೀಸ್ ಪಟ್ಟಿಯಲ್ಲಿ ಕಾಫಿಪುಡಿ 30ನೇ ವರ್ಗ. ಅಲ್ಲಿಗೆ ನಿಲ್ಲಿಸಿದರೆ ಬಚಾವ್. ‘ಫಿಲ್ಟರನ್ನೂ ಸೇರಿಸಿಬಿಡಿ’ ಅಂದರೋ, ಲೋಹದ ಫಿಲ್ಟರ್ 21ನೇ ವರ್ಗ, ಕಾಗದದ ಫಿಲ್ಟರ್ 16ನೆಯದು. ಬೀಜ ಬೀಸುವ ಯಂತ್ರವನ್ನು ಕೈಯಲ್ಲಿ ತಿರುಗಿಸಿದರೆ 21, ಕರೆಂಟಿಗೆ ಹಾಕಿದರೆ 7. ಕರೆಂಟಿನ ಕಾಫಿ ಮೆಷಿನ್ 11. ಅದೇ ಕಾಫಿಯನ್ನು ಲೋಟಕ್ಕೆ ಸುರಿದು ಗಿರಾಕಿಗೆ ಕೊಟ್ಟರೆ 43. ಒಂದು ಲೋಟ ಕಾಫಿ ಕುಡಿಯುವಷ್ಟರಲ್ಲಿ ಆರು ವರ್ಗ ದಾಟಿದಿರಿ. ಮೂರರ ಮೇಲಿನ ಪ್ರತಿ ವರ್ಗಕ್ಕೂ 100 ಸ್ವಿಸ್ ಫ್ರಾಂಕ್; ಸ್ವಂತ ದರಪಟ್ಟಿ ಇಟ್ಟುಕೊಂಡ ದೇಶಗಳ ಲೆಕ್ಕ ಬೇರೆ.

ಅದೂ ಭಾರತದ ಮೂಲ ಅರ್ಜಿಯಲ್ಲಿ, ಅಂದರೆ ಜಿನೀವಾಕ್ಕೆ ಹೊರಡುವ ಮೊದಲು ಇಲ್ಲೇ ಹಾಕಿರಬೇಕಾದ ಟ್ರೇಡ್‌ಮಾರ್ಕ್ ಅರ್ಜಿಯಲ್ಲಿ, ಆ ಸರಕು ಇದ್ದರೆ ಮಾತ್ರ. ಇಲ್ಲಿ ಬರೀ ಕಾಫಿಪುಡಿ ಎಂದು ಬರೆಸಿ ಅಲ್ಲಿ ಟೀಪುಡಿಯನ್ನು ತೂರಿಸುವಂತಿಲ್ಲ. ಅರ್ಜಿದಾರನ ಹೆಸರೂ ಒಂದೇ ಆಗಿರಬೇಕು. ನಮ್ಮಲ್ಲಿ ಮೂಲ ಅರ್ಜಿ ಹಿರಿಯಣ್ಣನ ಹೆಸರಿನಲ್ಲಿರುತ್ತದೆ, ರಫ್ತಿನ ಪರವಾನಗಿ ಪ್ರೈವೇಟ್ ಲಿಮಿಟೆಡ್ ಹೆಸರಿನಲ್ಲಿ. ಊರಿಗೆಲ್ಲ ಅವೆರಡೂ ಒಂದೇ ಎಂದು ಗೊತ್ತು. ರಿಜಿಸ್ಟ್ರಿ ಒಪ್ಪುವುದಿಲ್ಲ: ಮೊದಲು ಅಣ್ಣನಿಂದ ಕಂಪನಿಗೆ ವರ್ಗಾವಣೆ ಪತ್ರ, ಅದರ ದಾಖಲಾತಿ, ಆಮೇಲೆ ಜಿನೀವಾ. ಲೇಬಲ್ ಮೇಲೆ ಕನ್ನಡ ಅಕ್ಷರವಿದ್ದರೆ ಅದನ್ನು ರೋಮನ್ ಲಿಪಿಯಲ್ಲಿ ಬರೆದುಕೊಡಬೇಕು. ಆ ಖಾನೆ ಖಾಲಿ ಬಿಟ್ಟರೆ ನೋಟಿಸ್.

ಇನ್ನು ದಕ್ಷಿಣೆ. ನಮ್ಮ ಕಚೇರಿಗೆ 5000 ರೂಪಾಯಿ. ಅದು ಕಾಗದವನ್ನು ದೃಢೀಕರಿಸಿ ಮುಂದಕ್ಕೆ ತಳ್ಳುವ ಕೂಲಿ. ಜಿನೀವಾಕ್ಕೆ ಮೂಲ ಶುಲ್ಕ 653 ಫ್ರಾಂಕ್, ಲೇಬಲ್ ಬಣ್ಣದ್ದಾದರೆ 903. ಅಂದರೆ ಮೂಲೆಯಲ್ಲಿ ಬಿಡಿಸಿದ ಹಸಿರು ಎಲೆಗೆ 250 ಫ್ರಾಂಕ್. ಜಿನೀವಾಕ್ಕೆ ಮಾತ್ರ ಕಪ್ಪು-ಬಿಳುಪು ಮಾಡಿ ಕಳಿಸೋಣ ಅಂದರೆ ಮೂಲ ಅರ್ಜಿಯ ಚಿತ್ರಕ್ಕೆ ತಾಳೆಯಾಗುವುದಿಲ್ಲ. ಬ್ಯಾಂಕಿನಿಂದ ಕಳಿಸುವಾಗ ಶುಲ್ಕವೆಲ್ಲ ನಮ್ಮದೇ ಎಂದು ಗುರುತು ಹಾಕದಿದ್ದರೆ ನಡುವಿನ ಬ್ಯಾಂಕು ಒಂದಿಷ್ಟು ಮುರಿದುಕೊಂಡು ದಾಟಿಸುತ್ತದೆ. ಹತ್ತು ಫ್ರಾಂಕ್ ಕಡಿಮೆ ಮುಟ್ಟಿದರೂ ಲೋಪವೇ. ಮೂರು ತಿಂಗಳಲ್ಲಿ ತುಂಬದಿದ್ದರೆ ಅರ್ಜಿಯನ್ನು ಕೈಬಿಟ್ಟಂತೆ.

ನಿಜವಾದ ತಮಾಷೆ ಇರುವುದು ಮುಂದೆ. ಮೊದಲ ಐದು ವರ್ಷ ಈ ವಿದೇಶಿ ವೈಭವವೆಲ್ಲ ಊರಿನ ಮೂಲ ಅರ್ಜಿಗೆ ನೇತುಬಿದ್ದಿರುತ್ತದೆ. ಮೂಲ ಅರ್ಜಿ ಬಿದ್ದರೆ ಅಮೆರಿಕ, ಜಪಾನ್, ಸಿಂಗಪುರ ಎಲ್ಲ ಕಡೆಯೂ ಒಟ್ಟಿಗೆ ಬೀಳುತ್ತದೆ. ವೃತ್ತಿಯವರು ಇದನ್ನು ‘ಸೆಂಟ್ರಲ್ ಅಟ್ಯಾಕ್’ ಅನ್ನುತ್ತಾರೆ. ಹೆಸರು ಕೇಳಿ ಕ್ಷಿಪಣಿ ಎಂದುಕೊಳ್ಳಬೇಡಿ. ಪಕ್ಕದ ಬೀದಿಯ ಪ್ರತಿಸ್ಪರ್ಧಿ, ಮೂಲ ಅರ್ಜಿ ರಿಜಿಸ್ಟ್ರಿಯ ಜರ್ನಲ್‌ನಲ್ಲಿ ಪ್ರಕಟವಾದ ನಾಲ್ಕು ತಿಂಗಳೊಳಗೆ, ಆನ್‌ಲೈನ್‌ನಲ್ಲಿ 2700 ರೂಪಾಯಿ ಕಟ್ಟಿ ಟಿಎಂ-ಓ ಎಂಬ ತಕರಾರಿನ ಫಾರಂ ತುಂಬಿದರೆ ಸಾಕು. ಕರ್ನಾಟಕದ ಅರ್ಜಿಗಳು ಚೆನ್ನೈ ಕಚೇರಿಯ ವ್ಯಾಪ್ತಿ. ಹಾಗಾಗಿ ಟೋಕಿಯೋದಲ್ಲಿ ನಿಮ್ಮ ಬ್ರ್ಯಾಂಡ್ ಇರಬೇಕೋ ಬೇಡವೋ ಎಂಬುದು ಚೆನ್ನೈನ ಒಂದು ಕಡತದಲ್ಲಿ ತೂಗಾಡುತ್ತಿರುತ್ತದೆ. ಐದು ವರ್ಷದೊಳಗೆ ಶುರುವಾದ ತಕರಾರು ಏಳನೇ ವರ್ಷಕ್ಕೆ ತೀರ್ಮಾನವಾದರೂ ಏಟು ತಪ್ಪದು. ಬಿದ್ದವರಿಗೆ ಒಂದು ಸಮಾಧಾನವುಂಟು: ಮೂರು ತಿಂಗಳೊಳಗೆ ಪ್ರತಿ ದೇಶದಲ್ಲೂ ಬೇರೆ ಬೇರೆ ಅರ್ಜಿ ಹಾಕಿ, ಶುಲ್ಕ ಮತ್ತೆ ಕಟ್ಟಿ ಹಳೇ ತಾರೀಕು ಉಳಿಸಿಕೊಳ್ಳಬಹುದು. ಅದನ್ನು ತಪ್ಪಿಸಲೆಂದೇ ಅಲ್ಲವೇ ‘ಒಂದೇ ಅರ್ಜಿ’ಯ ಬಾಗಿಲು ತಟ್ಟಿದ್ದು!

ಹಾಗಾದರೆ ಭಾರತದಲ್ಲಿ ನೋಂದಣಿ ಮುಗಿದ ಮೇಲೆಯೇ ಹೊರಡಬಹುದಲ್ಲ? ಹೊರಡಬಹುದು. ಆದರೆ ಮೊದಲ ಅರ್ಜಿಯ ತಾರೀಕನ್ನೇ ಹೊರಗೂ ಹಿಡಿದುಕೊಳ್ಳುವ ಅವಕಾಶ ಆರು ತಿಂಗಳಿಗೆ ಮುಗಿಯುತ್ತದೆ. ಚೀನಾದಲ್ಲಿ ಮೊದಲು ಅರ್ಜಿ ಹಾಕಿದವನೇ ಯಜಮಾನ. ಕಾಯುತ್ತ ಕೂತರೆ ನಿಮ್ಮ ಹೆಸರು ಅಲ್ಲಿ ಇನ್ಯಾರದೋ ಆಗಿರುತ್ತದೆ. ಬೇಗ ಹೋದರೆ ಬೀಳುವ ಭಯ, ತಡವಾದರೆ ಕಳೆದುಕೊಳ್ಳುವ ಭಯ. ಸಲಹೆಗಾರರು ಎರಡಕ್ಕೂ ಫೀಸು ತೆಗೆದುಕೊಳ್ಳುತ್ತಾರೆ.

ತಿರಸ್ಕಾರದ ಪತ್ರ ಬಂದರೆ ‘ಒಂದೇ ಕಿಟಕಿ’ ಮುಚ್ಚಿತೆಂದೇ ಲೆಕ್ಕ. ಅಮೆರಿಕದ ಆಕ್ಷೇಪಣೆಗೆ ಅಮೆರಿಕದ ವಕೀಲ, ಚೀನಾದ್ದಕ್ಕೆ ಚೀನಾದ ಏಜೆಂಟ್. ಅಮೆರಿಕ ಉತ್ತರಕ್ಕೆ ಆರು ತಿಂಗಳು ಕೊಡುತ್ತದೆ. ಚೀನಾದಲ್ಲಿ ಮರುಪರಿಶೀಲನೆ ಕೇಳಲು 15 ದಿನ. ಎಲ್ಲ ಗೆದ್ದು, ಪ್ರಮಾಣಪತ್ರದಲ್ಲಿ ಹತ್ತು ವರ್ಷ ಎಂದಿದೆಯಲ್ಲ ಎಂದು ನಿದ್ದೆಹೋದವರನ್ನು ಅಮೆರಿಕ ಆರನೇ ವರ್ಷಕ್ಕೆ ಎಬ್ಬಿಸುತ್ತದೆ: ಐದರಿಂದ ಆರನೇ ವರ್ಷದ ನಡುವೆ ಮಾರ್ಕನ್ನು ಬಳಸುತ್ತಿರುವ ಪುರಾವೆ ಸಲ್ಲಿಸದಿದ್ದರೆ ಅಲ್ಲಿನ ರಕ್ಷಣೆ ರದ್ದು.

ಇಷ್ಟೆಲ್ಲದರ ನಡುವೆ ಅಚ್ಚುಕಟ್ಟಾಗಿ ಕೆಲಸ ಮಾಡುವ ಒಂದು ವರ್ಗವುಂಟು, ನೀಸ್ ಪಟ್ಟಿಯಲ್ಲಿಲ್ಲದ್ದು. ವೈಪೋ ಗೆಜೆಟ್‌ನಲ್ಲಿ ಹೆಸರು ಬಂದದ್ದೇ ತಡ, ಲಾಂಛನ, ಬಾರ್‌ಕೋಡ್, ಬ್ಯಾಂಕ್ ಖಾತೆ ಸಮೇತ ‘ನೋಂದಣಿ ಪ್ರಕಟಣೆ ಶುಲ್ಕ’ದ ಬಿಲ್ ಬರುತ್ತದೆ. ಅದು ಶುದ್ಧ ನಕಲಿ. ಅಂಥ ಬಿಲ್‌ಗಳ ಮಾದರಿಗಳನ್ನು ವೈಪೋ ತನ್ನ ಜಾಲತಾಣದಲ್ಲೇ ಎಚ್ಚರಿಕೆಗಾಗಿ ಹಾಕಿಟ್ಟಿದೆ. ಆದರೂ ಕಟ್ಟುವವರು ಕಟ್ಟುತ್ತಾರೆ. ಇಡೀ ವ್ಯವಹಾರದಲ್ಲಿ ಲಿಪ್ಯಂತರ ಕೇಳದೆ, ಬಣ್ಣಕ್ಕೆ ಬೇರೆ ದರ ಹಾಕದೆ, ಯಾವ ವರ್ಗ ಎಂದು ಪೀಡಿಸದೆ ಬರುವ ಕಾಗದ ಅದೊಂದೇ.